ಗಾಳಿಯ ಪಿಸ್ತೂಲೋ? ಗ್ಯಾಸಿನ ಪಿಸ್ತೂಲೋ?

ಬೆಳಗಿನ ಕಾಫಿ ಮುಗಿಸಿ ಲೋಟವನ್ನು ಕೆಳಗಿಡುವಷ್ಟರಲ್ಲಿ ತೋಟದ ಮೇಲಂಚಿನಲ್ಲಿ ಸೋಗೆಯೊಂದು ಅಲುಗುತ್ತದೆ. ಗಾಳಿಯಿಲ್ಲ, ಆದರೂ ಅಲುಗುತ್ತದೆ. ಮನೆಯ ಯಜಮಾನರಿಗೆ ಅದರ ಅರ್ಥ ತಿಳಿಯದುದಲ್ಲ. ಎಳೆಯ ಅಡಿಕೆಯನ್ನು ಕಚ್ಚಿ, ರಸ ಹೀರಿ, ಸಿಪ್ಪೆಯನ್ನು ಬುಡಕ್ಕೆ ಚೆಲ್ಲುತ್ತ ಮಂಗಗಳ ಹಿಂಡು ಮರದಿಂದ ಮರಕ್ಕೆ ಸಾಗಿ ಬರುತ್ತಿದೆ. ಅವರು ಒಳಗೆ ಹೋಗಿ ಕಪಾಟಿನಿಂದ ಹಳೆಯ ಗಾಳಿ ಪಿಸ್ತೂಲನ್ನು ತರುತ್ತಾರೆ. ನಳಿಗೆಯನ್ನು ಮಡಚಿ, ಸೀಸದ ಗುಂಡೊಂದನ್ನು ಇಟ್ಟು ಕುದುರೆಯನ್ನು ಎಳೆಯುತ್ತಾರೆ. ‘ಟಪ್’ ಎನ್ನಬೇಕಾದುದು ‘ಪುಸ್’ ಎನ್ನುತ್ತದೆ. ಮಂಗಗಳು ಒಮ್ಮೆ ತಿರುಗಿ ನೋಡಿ ತಮ್ಮ ಉಪಾಹಾರವನ್ನು ಮುಂದುವರಿಸುತ್ತವೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದ ಮನೆಗಳಿಗೆ ಇಂತಹ ಬೆಳಗು ಹೊಸತಲ್ಲ. ಬಳಿಕ ಜಗಲಿಯಲ್ಲಿ ನಡೆಯುವ ಚರ್ಚೆಯೂ ಹೊಸತಲ್ಲ. ರಜೆಯಲ್ಲಿ ಬೆಂಗಳೂರಿನಿಂದ ಬಂದ ಸೋದರಳಿಯ ಹೇಳುತ್ತಾನೆ: “ಇದನ್ನು ಗುಜರಿಗೆ ಹಾಕಿ ಮಾವ. ಈಗ ಗ್ಯಾಸಿನದು ಬರುತ್ತದೆ. ಸಣ್ಣ ಬುಡ್ಡಿಯೊಂದನ್ನು ಸೇರಿಸಿದರಾಯಿತು, ಒಂದರ ಹಿಂದೊಂದು ಹೊಡೆಯುತ್ತ ಹೋಗಬಹುದು.” ಮಾವನವರು ಒಪ್ಪುವುದಿಲ್ಲ: “ಇದಕ್ಕೇನಾಗಿದೆ ಮಾರಾಯ? ಒಂದು ಗಟ್ಟಿ ಸ್ಪ್ರಿಂಗು ಹಾಕಿಸಿದರೆ ಇನ್ನೂ ಹತ್ತು ವರ್ಷ ಬಾಳುತ್ತದೆ.”

ಮಾವ ಸರಿಯೋ, ಅಳಿಯ ಸರಿಯೋ? ತೀರ್ಪು ಕೊಡುವ ಮೊದಲು ವಿಷಯವನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ಕೋವಿಯ ನಾಡಿಗೆ ಪಿಸ್ತೂಲು ಬಂದುದೇಕೆ?

ಈ ಸೀಮೆಯ ಕೃಷಿಕರಿಗೆ ಕೋವಿ ಹೊಸದಲ್ಲ. ಸುಳ್ಯದಿಂದ ಸಂಪಾಜೆಯ ಘಾಟಿಯನ್ನು ಏರಿದರೆ ಕೊಡಗು. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯಿದೆಯ ಪರವಾನಗಿಯಿಂದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಘಾಟಿಯ ಕೆಳಗೆ ಆ ಸೌಲಭ್ಯವಿಲ್ಲ. ಇಲ್ಲಿ ಬೆಳೆರಕ್ಷಣೆಯ ಕೋವಿಗೆ ಪರವಾನಗಿ ಬೇಕು, ಅದರ ನವೀಕರಣಕ್ಕೆ ಅಲೆದಾಟ ಬೇಕು. ಚುನಾವಣೆ ಘೋಷಣೆಯಾದೊಡನೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬರುವುದು ಇಲ್ಲಿನ ಕೃಷಿಕರ ಹಳೆಯ ಅಳಲು. ಕೋವಿ ಠಾಣೆಯಲ್ಲಿದೆಯೆಂದು ಮಂಗ, ಹಂದಿಗಳು ವಿರಾಮ ಪಡೆಯುವುದಿಲ್ಲವಷ್ಟೆ!

ಈ ತೆರವನ್ನು ತುಂಬಲು ಬಂದುದು ಗಾಳಿಯ ಆಯುಧ. 2016ರ ಆಯುಧ ನಿಯಮಗಳ ಪ್ರಕಾರ, ನಳಿಗೆಯ ಒಳವ್ಯಾಸ 4.5 ಮಿಲಿಮೀಟರನ್ನೂ, ಗುಂಡಿನ ಶಕ್ತಿ 20 ಜೂಲನ್ನೂ ಮೀರದ ಗಾಳಿಕೋವಿಗೆ ಪರವಾನಗಿ ಬೇಕಿಲ್ಲ, ಮೀರಿದರೆ ಬೇಕು. ಒಂದು ಕಿಲೋ ಬೆಲ್ಲವನ್ನು ನೆಲದಿಂದ ಹತ್ತು ಸೆಂಟಿಮೀಟರು ಎತ್ತಲು ತಗಲುವ ಶಕ್ತಿ ಸುಮಾರು ಒಂದು ಜೂಲು. ಸಾಮಾನ್ಯವಾದ ಗಾಳಿ ಪಿಸ್ತೂಲಿನ ಶಕ್ತಿ ಹತ್ತು ಜೂಲನ್ನೂ ಮುಟ್ಟುವುದಿಲ್ಲ. ಈ ಅಲ್ಪಶಕ್ತಿಯೇ ಮಾವನವರ ಅಸಮಾಧಾನಕ್ಕೂ ಅಳಿಯನ ಸಲಹೆಗೂ ಮೂಲ.

ಸ್ಪ್ರಿಂಗಿನ ಒಳಗುಟ್ಟು

ಹಳೆಯ ಬಗೆಯ ಗಾಳಿ ಪಿಸ್ತೂಲಿನೊಳಗೆ ಸಂಗ್ರಹಿಸಿಟ್ಟ ಗಾಳಿಯೇನೂ ಇಲ್ಲ. ನಳಿಗೆಯನ್ನು ಮಡಚಿದಾಗ ಒಂದು ಉಕ್ಕಿನ ಸ್ಪ್ರಿಂಗು ಒತ್ತಿಕೊಳ್ಳುತ್ತದೆ. ಕುದುರೆಯನ್ನು ಎಳೆದೊಡನೆ ಸ್ಪ್ರಿಂಗು ಸಿಡಿದು ಪಿಸ್ಟನನ್ನು ಮುಂದಕ್ಕೆ ತಳ್ಳುತ್ತದೆ. ಪಿಸ್ಟನು ತನ್ನೆದುರಿನ ಹಿಡಿಯಷ್ಟು ಗಾಳಿಯನ್ನು ಹಿಂಡುತ್ತದೆ. ಹಿಂಡಿದ ಗಾಳಿ ಗುಂಡನ್ನು ಹೊರದೂಡುತ್ತದೆ. ಸೈಕಲ್ ಪಂಪಿನ ಹಿಡಿಯನ್ನು ಒಮ್ಮೆಲೇ ಅದುಮಿದಂತೆ.

‘ಪುಸ್’ ಎನ್ನುವ ಪಿಸ್ತೂಲಿಗೆ ಸಾಮಾನ್ಯವಾಗಿ ಎರಡೇ ರೋಗ. ಒಂದು, ಸ್ಪ್ರಿಂಗು ಸೋತಿರುವುದು ಅಥವಾ ಮುರಿದಿರುವುದು. ಇನ್ನೊಂದು, ಪಿಸ್ಟನಿನ ತುದಿಯ ವಾಷರು ಒಣಗಿ ಹರಿದು ಗಾಳಿ ಸೋರುವುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಾಡಿನಲ್ಲಿ ಉಕ್ಕಿಗೆ ತುಕ್ಕು ಹಿಡಿಯುವುದು ಆಶ್ಚರ್ಯವಲ್ಲ. ಗುಂಡನ್ನಿಡದೆ ಬರಿದೆ ಹೊಡೆಯುವ ಮಕ್ಕಳಾಟವೂ ಪಿಸ್ಟನಿಗೆ ಮಾರಕ. ಎದುರಿಗೆ ಗಾಳಿಯ ಮೆತ್ತೆಯಿಲ್ಲದೆ ಅದು ಗೋಡೆಗೆ ಬಡಿದಂತೆ ಬಡಿಯುತ್ತದೆ.

ಇವೆರಡೂ ಗುಣವಾಗುವ ರೋಗಗಳೇ. ಅದೇ ಅಳತೆಯ ಹೊಸ ಸ್ಪ್ರಿಂಗು, ಹೊಸ ವಾಷರು ಹಾಕಿದರೆ ಪಿಸ್ತೂಲು ತನ್ನ ಮೊದಲಿನ ಶಕ್ತಿಗೆ ಬರುತ್ತದೆ. ಆದರೆ ಮಾವನವರು ಕೇಳುವುದು ‘ಗಟ್ಟಿ’ ಸ್ಪ್ರಿಂಗು! ಇಲ್ಲಿಯೇ ಲೆಕ್ಕ ತಪ್ಪುವುದು. ಪಿಸ್ತೂಲಿನ ಕೊಳವೆ ಚಿಕ್ಕದು. ಅದರಲ್ಲಿ ಹಿಂಡಲು ಸಿಗುವ ಗಾಳಿಯೇ ಅಷ್ಟು. ಸ್ಪ್ರಿಂಗನ್ನು ಇಮ್ಮಡಿ ಬಲಪಡಿಸಿದರೆ ಶಕ್ತಿ ಇಮ್ಮಡಿಯಾಗುವುದಿಲ್ಲ. ಮಡಚಲು ರಟ್ಟೆಯ ಬಲ ಹೆಚ್ಚು ಬೇಕಾಗುತ್ತದೆ, ಹೊಡೆದಾಗ ಪಿಸ್ತೂಲು ಹೆಚ್ಚು ಕುಪ್ಪಳಿಸುತ್ತದೆ, ಗುರಿ ಕೆಡುತ್ತದೆ, ವಾಷರು ಬೇಗ ಸಾಯುತ್ತದೆ. ಉದ್ದನೆಯ ಗಾಳಿಕೋವಿಗೆ ಇದೇ ಉಪಚಾರ ಮಾಡಿಸಿದರೆ ಇನ್ನೊಂದು ಅಪಾಯ: ಅದು 20 ಜೂಲಿನ ಗೆರೆಯನ್ನು ದಾಟಿ, ಯಜಮಾನರು ತಿಳಿಯದೆಯೇ ಪರವಾನಗಿಯಿಲ್ಲದ ಆಯುಧದ ಒಡೆಯರಾಗಬಹುದು.

‘ಗ್ಯಾಸ್’ ಎಂದರೆ ಯಾವುದು?

ಇನ್ನು ಅಳಿಯನ ಮಾತು. ‘ಗ್ಯಾಸಿನದು’ ಎಂದು ಅಂಗಡಿಯಲ್ಲಿ ಕೇಳಿದರೆ ಮೂರು ಬೇರೆ ಬೇರೆ ವಸ್ತುಗಳು ಎದುರಿಗೆ ಬರಬಹುದು.

ಮೊದಲನೆಯದು ಸ್ಪ್ರಿಂಗಿನ ಬದಲಿಗೆ ಒತ್ತಿ ತುಂಬಿದ ಸಾರಜನಕದ ಮುಚ್ಚಿದ ಕೊಳವೆಯುಳ್ಳದ್ದು. ಇದು ಗ್ಯಾಸನ್ನು ಖರ್ಚು ಮಾಡುವುದಿಲ್ಲ. ಅದೇ ಗ್ಯಾಸು ಒಳಗೇ ಕುಗ್ಗಿ ಹಿಗ್ಗುತ್ತದೆ. ತುಕ್ಕಿನ ಭಯ ಕಡಮೆ. ಕೆಟ್ಟರೆ ಮಾತ್ರ ಊರಿನ ಮೆಕ್ಯಾನಿಕನ ಕೈಗೆ ಸಗ್ಗುವುದಿಲ್ಲ. ಇಡೀ ಕೊಳವೆಯನ್ನೇ ಬದಲಿಸಬೇಕು.

ಎರಡನೆಯದು ಅಳಿಯನ ಮನಸ್ಸಿನಲ್ಲಿರುವ ಬುಡ್ಡಿಯ ಪಿಸ್ತೂಲು. ಹನ್ನೆರಡು ಗ್ರಾಮು ಇಂಗಾಲದ ಡೈಆಕ್ಸೈಡು ದ್ರವರೂಪದಲ್ಲಿ ಬೆರಳುದ್ದದ ಉಕ್ಕಿನ ಬುಡ್ಡಿಯಲ್ಲಿರುತ್ತದೆ. ನಮ್ಮ ಸೋಡಾ ಗ್ಲಾಸಿನಲ್ಲಿ ಗುಳ್ಳೆಯೆಬ್ಬಿಸುವ ಗ್ಯಾಸೇ ಇದು. ಮಡಚುವ ಶ್ರಮವಿಲ್ಲ, ಕುಪ್ಪಳಿಕೆಯಿಲ್ಲ, ಒಂದು ಬುಡ್ಡಿಯಲ್ಲಿ ಹಲವು ಹತ್ತು ಹೊಡೆತಗಳು. ಕೇಳಲು ಬಲು ಸೊಗಸು!

ಆದರೆ ಈ ಗ್ಯಾಸಿಗೊಂದು ಸ್ವಭಾವವಿದೆ. ಹವೆ ಬದಲಾದಂತೆ ಇದರ ಒತ್ತಡವೂ ಬದಲಾಗುತ್ತದೆ. 20 ಡಿಗ್ರಿ ಸೆಲ್ಸಿಯಸಿನಲ್ಲಿ ಅದು ವಾಯುಮಂಡಲದ ಒತ್ತಡದ 57 ಪಟ್ಟಿನಷ್ಟಿದ್ದರೆ, ಸೊನ್ನೆ ಡಿಗ್ರಿಯಲ್ಲಿ 35 ಪಟ್ಟಿಗೆ ಇಳಿಯುತ್ತದೆ. 31 ಡಿಗ್ರಿಯನ್ನು ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಒತ್ತಡ ಏರುತ್ತ ಹೋಗುತ್ತದೆ. ಪುತ್ತೂರಿನ ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ 31 ಡಿಗ್ರಿ ಏನು ಮಹಾ? ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಬುಡ್ಡಿಗಳನ್ನು ಬಿಡುವುದು ಅಪಾಯಕ್ಕೆ ಆಹ್ವಾನವಿತ್ತಂತೆ. ಇನ್ನೊಂದೆಡೆ, ಒಂದೇ ಸಮನೆ ಹೊಡೆದರೆ ದ್ರವ ಆವಿಯಾಗುವ ಭರದಲ್ಲಿ ಪಿಸ್ತೂಲು ತಣ್ಣಗಾಗಿ ಗುಂಡಿನ ವೇಗ ಕುಸಿಯುತ್ತದೆ. ಮೊದಲ ಗುಂಡು ಬಿದ್ದಲ್ಲಿ ಹತ್ತನೆಯ ಗುಂಡು ಬೀಳುವುದಿಲ್ಲ. ಬುಡ್ಡಿ ಮುಗಿದ ದಿನ ಪೇಟೆಗೆ ಓಡಬೇಕು; ಸ್ಪ್ರಿಂಗಿನ ಪಿಸ್ತೂಲಿಗಾದರೋ ರಟ್ಟೆಯೊಂದೇ ಸಾಕು.

ಇದು ಕೇವಲ ತೋಟದವರ ಆಕ್ಷೇಪವಲ್ಲ. ಹತ್ತು ಮೀಟರಿನ ಗಾಳಿ ಪಿಸ್ತೂಲು ಸ್ಪರ್ಧೆ 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಸೇರ್ಪಡೆಯಾದ ಕಾಲಕ್ಕೆ ಬುಡ್ಡಿಯ ಗ್ಯಾಸಿನ ಪಿಸ್ತೂಲುಗಳು ಗುರಿಕಾರರಲ್ಲಿ ಬಹಳ ಬಳಕೆಯಲ್ಲಿದ್ದವು. ಮುಂದೆ ಅವರು ಅದನ್ನು ಬಿಟ್ಟು, ಮುಂಚಿತವಾಗಿ ಒತ್ತಿ ತುಂಬಿದ ಶುದ್ಧ ಗಾಳಿಯ ಕಡೆಗೆ ಹೊರಳಿದರು. ಹವೆಯೊಡನೆ ಬದಲಾಗುವ ಗ್ಯಾಸನ್ನು ನಂಬಿ ಪದಕಕ್ಕೆ ಗುರಿಯಿಡುವುದು ಕಷ್ಟವೆಂಬುದು ಅದಕ್ಕೆ ಮುಖ್ಯ ಕಾರಣ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯ ಬೆಳ್ಳಿಯನ್ನು ತಂದವರು ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ. ಗುರಿಯ ಹವ್ಯಾಸಕ್ಕೆ ಪಿಸ್ತೂಲು ಕೊಳ್ಳುವ ಯುವಕರು ಈ ಇತಿಹಾಸವನ್ನು ನೆನೆಯುವುದು ಲೇಸು.

ಮೂರನೆಯದು ಪಿಸ್ತೂಲೇ ಅಲ್ಲ. ಸದ್ದು ಮಾಡುವ ಗ್ಯಾಸಿನ ಕೋವಿ. ಅಡುಗೆ ಅನಿಲವನ್ನೋ, ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿಸಿದಾಗ ಹುಟ್ಟುವ ಅಸೆಟಿಲೀನನ್ನೋ ಕೊಳವೆಯೊಳಗೆ ಹೊತ್ತಿಸಿ ಗರ್ನಾಲಿನಂತೆ ಸಿಡಿಸುವ ಸಾಧನ. ಹಿಂದಿನವರು ಸೈಕಲ್ಲಿನ ದೀಪಕ್ಕೆ ಉರಿಸುತ್ತಿದ್ದುದು ಇದೇ ಕಾರ್ಬೈಡಿನ ಗ್ಯಾಸನ್ನೇ. ಗುಂಡಿಲ್ಲ, ಸದ್ದು ಮಾತ್ರ. ಆದರೆ ಪ್ಲಾಸ್ಟಿಕ್ ಪೈಪಿನಿಂದ ಮನೆಯಲ್ಲೇ ಮಾಡಿಕೊಂಡ ಕಾರ್ಬೈಡು ಕೋವಿ ಘೋರ ವಸ್ತು. 2025ರ ದೀಪಾವಳಿಯಲ್ಲಿ ಭೋಪಾಲ ಮೊದಲಾದ ಕಡೆ ಇಂತಹ ಕೋವಿಗಳಿಂದ ಅನೇಕ ಮಕ್ಕಳ ಕಣ್ಣುಗಳಿಗೆ ತೀವ್ರ ಗಾಯಗಳಾದವು. ಸಿಡಿಯದಿದ್ದಾಗ ‘ಏನಾಯಿತು’ ಎಂದು ಕೊಳವೆಯೊಳಗೆ ಇಣುಕುವ ಕ್ಷಣವೇ ಅತ್ಯಂತ ಅಪಾಯದ್ದು.

ತೋಟಕ್ಕೆ ಬೇಕಾದುದೇನು?

ಈಗ ಜಗಲಿಯ ಪ್ರಶ್ನೆಗೆ ಬರೋಣ. ಡಬ್ಬಕ್ಕೋ ಹಲಗೆಗೋ ಗುರಿಯಿಟ್ಟು ಕೈ ಪಳಗಿಸುವುದಕ್ಕಾದರೆ ಮಾವನವರ ಮಾತಿನ ಅರ್ಧ ಸರಿ: ಹಳೆಯದನ್ನು ರಿಪೇರಿ ಮಾಡಿಸುವುದೇ ಮೇಲು, ಆದರೆ ಮೊದಲಿದ್ದ ಶಕ್ತಿಗೆ ಮಾತ್ರ. ಮಂಗನನ್ನು ಓಡಿಸುವುದಕ್ಕಾದರೆ ಇಬ್ಬರೂ ತಪ್ಪು.

ಅಡಿಕೆಯ ಮರ ನಲವತ್ತು, ಐವತ್ತು ಅಡಿ ಎತ್ತರ. ಪಿಸ್ತೂಲು ನಂಬಿಕೆಗೆ ಅರ್ಹವಾಗಿ ಮುಟ್ಟುವುದು ಹತ್ತು ಮೀಟರು. ಸೋಗೆಯ ನಡುವೆ ಅಡಗಿದ ಪ್ರಾಣಿಯನ್ನು ಅದು ಕೊಲ್ಲಲಾರದು, ಕುರುಡು ಮಾಡಬಲ್ಲದು. ಸೆಕೆಂಡಿಗೆ ನೂರು ಮೀಟರಿನ ವೇಗದಲ್ಲಿ ಹೋಗುವ ಸೀಸದ ಗುಂಡಿಗೆ ಕಣ್ಣೆಂಬುದು ಬಹಳ ಮೆತ್ತಗಿನ ಗುರಿ. ಆ ಕಣ್ಣು ಮಂಗನದೇ ಆಗಬೇಕೆಂದಿಲ್ಲ, ತೋಟದಾಚೆ ಹುಲ್ಲು ಕೊಯ್ಯುವವರದೂ ಆಗಬಹುದು. ಕಾಯಿದೆಯೂ ಸ್ಪಷ್ಟವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ಯೆಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದೂ ಬೇಟೆಯೇ. ಕಡಬದ ಕಾಡಂಚಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಆನೆಯೊಂದು ಇಬ್ಬರನ್ನು ಬಲಿ ತೆಗೆದುಕೊಂಡಿತು. ಆನೆಯ ಎದುರು ಪಿಸ್ತೂಲು ಹಿಡಿದು ನಿಲ್ಲುವುದು ಧೈರ್ಯವಲ್ಲ.

ಮಂಗನನ್ನು ಓಡಿಸುವುದು ಭಯವೇ ಹೊರತು ಗುಂಡಲ್ಲ. ಸದ್ದಿನ ಸಾಧನವನ್ನು ತರುವುದಾದರೆ ಕಾರ್ಖಾನೆಯಲ್ಲಿ ಗಟ್ಟಿ ಲೋಹದಿಂದ ಮಾಡಿದುದನ್ನು ತಂದು, ಮಕ್ಕಳ ಕೈಗೆ ಸಿಗದಂತಿಟ್ಟು, ದಿನಕ್ಕೊಂದು ಜಾಗ, ದಿನಕ್ಕೊಂದು ಹೊತ್ತು ಎಂಬಂತೆ ಬಳಸಬೇಕು. ಒಂದೇ ಕಡೆ ಒಂದೇ ಸಮಯಕ್ಕೆ ಸಿಡಿದರೆ ಹಿಂಡು ಅದನ್ನು ಶಾಲೆಯ ಗಂಟೆಯೆಂದು ತಿಳಿದುಬಿಡುತ್ತದೆ. ಹಣ್ಣಾದ ಕೊಕ್ಕೋ ಕೋಡುಗಳನ್ನು ಮರದಲ್ಲೇ ಬಿಡದೆ ಆಗಿಂದಾಗ್ಗೆ ಕೊಯ್ದರೆ ಅಳಿಲು, ಇಲಿಗಳ ಹಾವಳಿಯಾದರೂ ಕಡಮೆಯಾಗುತ್ತದೆ. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟು ಕಾರ್ಖಾನೆ ಆರಂಭವಾದಂದಿನಿಂದ ಆ ಕೋಡುಗಳಿಗೆ ಮನೆಬಾಗಿಲಲ್ಲೇ ಮಾರುಕಟ್ಟೆಯಿದೆಯಲ್ಲ!

ಎಲ್ಲಕ್ಕಿಂತ ಮಿಗಿಲಾದುದು ತೋಟದಲ್ಲಿ ಓಡಾಡುವ ಮನುಷ್ಯ. ಹಿಂದೆ ಈ ಮನೆಗಳಲ್ಲಿ ಹತ್ತು ಜನರಿದ್ದರು. ಒಬ್ಬ ಡಬ್ಬ ಬಡಿದರೆ ಇನ್ನೊಬ್ಬ ಕವಣೆ ಬೀಸುತ್ತಿದ್ದ, ನಾಯಿ ಬೊಗಳುತ್ತಿತ್ತು, ಮಕ್ಕಳು ಕೂಗುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಉಳಿದವರು ವಯಸ್ಸಾದ ಇಬ್ಬರು. ಊರು ಬಿಟ್ಟುಹೋದ ಎಂಟು ಜನರ ಕೆಲಸವನ್ನು ಒಂದು ಪಿಸ್ತೂಲಿನಿಂದ ಮಾಡಿಸಬೇಕೆಂಬುದು ನಮ್ಮ ಹಟ. ಸ್ಪ್ರಿಂಗನ್ನು ಬಿಗಿಗೊಳಿಸಿದರೂ ಗ್ಯಾಸನ್ನು ತುಂಬಿದರೂ ಆ ಕೆಲಸ ಅದರಿಂದ ಆಗುವಂಥದಲ್ಲ.

ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ, ಸರದಿಯಂತೆ ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು ತೋಟದ ಅಂಚಿನಲ್ಲಿ ಸುತ್ತುವ ಏರ್ಪಾಡು ಮಾಡಿಕೊಂಡರೆ, ಹೊಸ ಪಿಸ್ತೂಲಿನ ಹಣ ಕಾವಲಿನವನ ಕೂಲಿಗೆ ಒದಗುತ್ತದೆ. ಆಗ ಮಾವನವರ ಹಳೆಯ ಪಿಸ್ತೂಲು ಹೊಸ ವಾಷರನ್ನು ಹಾಕಿಸಿಕೊಂಡು ಕಪಾಟಿನಲ್ಲಿ ನೆಮ್ಮದಿಯಾಗಿರಬಹುದು. ಅಳಿಯನಿಗೂ ಒಂದು ಮಾತು: ಮುಂದಿನ ರಜೆಗೆ ಬರುವಾಗ ಗ್ಯಾಸಿನ ಬುಡ್ಡಿ ತರುವುದು ಬೇಡ. ನಾಲ್ಕು ದಿನ ಹೆಚ್ಚಿಗೆ ಉಳಿದು, ಬೆಳಗಾಗೆದ್ದು ಮಾವನೊಡನೆ ತೋಟವನ್ನೊಮ್ಮೆ ಸುತ್ತಿ ಬಂದರೆ ಸಾಕು.