ಚಿತ್ತುಕಾಟಿನಿಂದ ಚಿತ್ರಕ್ಕೆ

ಬರೆಯುವವರೆಲ್ಲ ಬೇಡವಾದ ಪದದ ಮೇಲೆ ಗೀಟೆಳೆದು ಮುಂದೆ ಹೋಗುತ್ತಾರೆ. ರವೀಂದ್ರನಾಥ ಟ್ಯಾಗೋರರಿಗೆ ಅದನ್ನು ಹಾಗೇ ಬಿಡಲು ಮನಸ್ಸಾಗುತ್ತಿರಲಿಲ್ಲ. ಹೊಡೆದುಹಾಕಿದ ಪದವನ್ನು ಮಸಿಯಿಂದ ಪೂರ್ತಿ ತುಂಬುವರು, ಅಂಚು ತಿದ್ದುವರು, ಎರಡು ಸಾಲು ಕೆಳಗಿನ ಇನ್ನೊಂದು ಚಿತ್ತಿಗೆ ಬಳುಕುವ ಗೆರೆಯೊಂದನ್ನು ಎಳೆದು ಜೋಡಿಸುವರು. ನೋಡನೋಡುತ್ತ ಅಲ್ಲೊಂದು ಕೊಕ್ಕು, ಇಲ್ಲೊಂದು ಬಾಲ. ಉಳಿದ ಕವಿತೆಯ ಅಕ್ಷರಗಳು ಮುಚ್ಚಿಹೋಗದಂತೆ ಗೆರೆ ದಾರಿ ಹುಡುಕಿಕೊಳ್ಳಬೇಕು. ಕಸುಬು ಇರುವುದು ಅಲ್ಲೇ.

1924ರಲ್ಲಿ ಪೆರುವಿಗೆ ಹೊರಟವರು ಕಾಯಿಲೆ ಬಿದ್ದು ಅರ್ಜೆಂಟೀನಾದ ಸಾನ್ ಇಸಿದ್ರೊದಲ್ಲಿ ಉಳಿದುಕೊಂಡರು. ವಯಸ್ಸು ಆಗ 63. 'ಪೂರಬಿ' ಸಂಕಲನದ ಹಸ್ತಪ್ರತಿಯಲ್ಲಿ ಈ ಆಟ ಜೋರಾಗಿಯೇ ನಡೆಯಿತು. ಆತಿಥ್ಯ ಕೊಟ್ಟಿದ್ದ ಲೇಖಕಿ ವಿಕ್ಟೋರಿಯಾ ಒಕಾಂಪೊ ಆ ಪುಟಗಳನ್ನು ಕಂಡು ಬೆರಗಾದರು.

1928ರ ಸುಮಾರಿಗೆ ಚಿತ್ರ ಬಿಡಿ ಹಾಳೆಗೆ ಬಂತು. ಮನೆಯಲ್ಲೇ ಗುರುಗಳಿದ್ದರು: ನಮ್ಮ ಮೈಸೂರಿನ ಕೆ. ವೆಂಕಟಪ್ಪನವರಿಗೆ ಕಲಿಸಿದ ಅವನೀಂದ್ರನಾಥರು ಸಂಬಂಧದಲ್ಲಿ ಇವರಿಗೆ ಮಗನಾಗಬೇಕು. ಆದರೂ ಕವಿ ಅವರ ನವಿರಾದ ಶೈಲಿಯ ಹಿಂದೆ ಹೋಗಲಿಲ್ಲ. ಒಳ್ಳೆಯದೇ ಆಯಿತು ಎನ್ನುತ್ತೇನೆ. ಕ್ಯಾನ್ವಾಸು, ಎಣ್ಣೆಬಣ್ಣಗಳ ಗೋಜು ಬಿಟ್ಟು, ಜೀವಮಾನವಿಡೀ ಕೈಗೆ ಪಳಗಿದ್ದ ಪೆನ್ನು, ಮಸಿ, ಕಾಗದಗಳನ್ನೇ ನೆಚ್ಚಿಕೊಂಡರು. ಬಣ್ಣದ ಮಸಿಯನ್ನು ಬಟ್ಟೆಚೂರಿನಿಂದ, ಬೆರಳಿನಿಂದ ಹರಡುತ್ತಿದ್ದರು.

ಮಸಿಯ ಸ್ವಭಾವ ಗೊತ್ತಿದ್ದವರಿಗೆ ಇದರ ಬಿಗಿ ತಿಳಿಯುತ್ತದೆ. ಅದು ತೆಳು, ಪದರದ ಮೇಲೆ ಪದರ ಬಿದ್ದಷ್ಟೂ ಗಾಢವಾಗುತ್ತದೆ. ಒಮ್ಮೆ ಮುಚ್ಚಿದ ಬಿಳಿ ಮತ್ತೆ ಸಿಗದು. ಅವರು ಮತ್ತೆ ಮತ್ತೆ ಬರೆದ ನೀಳಮುಖದ ಹೆಂಗಸರನ್ನೇ ನೋಡಿ. ಸುತ್ತ ಕಂದುಗತ್ತಲು, ಹಣೆಯ ಮೇಲೆ, ಮೂಗಿನ ಉದ್ದಕ್ಕೆ ಮಾತ್ರ ಬೆಳಕು. ಆ ಬೆಳಕೆಂದರೆ ಕಾಗದವೇ. ಮೊದಲ ಗೆರೆಯಿಂದಲೂ ಕಾಪಾಡಿಕೊಂಡು ಬಂದದ್ದು. ಅವರಿಗೆ ಕೆಂಪು-ಹಸಿರು ಸರಿಯಾಗಿ ಕಾಣುತ್ತಿರಲಿಲ್ಲವೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಇದ್ದೀತು. ಆದರೆ ಈ ಕತ್ತಲನ್ನು ಕಣ್ಣಿನ ದೋಷದ ಲೆಕ್ಕಕ್ಕೆ ಬರೆಯಲು ನನಗಂತೂ ಮನಸ್ಸಿಲ್ಲ.

1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಪಿಗಾಲ್ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ ನಡೆಯಿತು. ಮುಂದೆ ನಿಂತು ಏರ್ಪಡಿಸಿದವರು ಅದೇ ಒಕಾಂಪೊ. ಆಮೇಲೆ ಬರ್ಲಿನ್, ಮಾಸ್ಕೋ, ನ್ಯೂಯಾರ್ಕ್. 1941ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಚಿತ್ರಗಳ ಸಂಖ್ಯೆ ಎರಡು ಸಾವಿರ ದಾಟಿತ್ತು. ಹೆಚ್ಚಿನವಕ್ಕೆ ಹೆಸರನ್ನೇ ಇಡಲಿಲ್ಲ. ಬಹುಪಾಲು ಈಗ ಶಾಂತಿನಿಕೇತನದ ರವೀಂದ್ರಭವನದಲ್ಲಿವೆ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಕೆಲವಿವೆ. ಅಚ್ಚಾದ ಪುಸ್ತಕಗಳಲ್ಲಿ ಕಪ್ಪೆಲ್ಲ ಒಂದೇ ಕಪ್ಪಾಗಿಬಿಡುತ್ತದೆ. ಮಸಿಯ ಪದರ ಕಾಣಬೇಕಾದರೆ ಮೂಲಚಿತ್ರದ ಹತ್ತಿರವೇ ಹೋಗಿ ನಿಲ್ಲಬೇಕು.