ಟೊಮ್ಯಾಟೊ ಹಣ್ಣಿನ ಲೆಕ್ಕಾಚಾರ

ನಾವು ದಿನವೂ ಸಾರಿಗೆ ಹಾಕುವ ಟೊಮ್ಯಾಟೊವಿನ ಬೆಲೆ ಕುಸಿದಾಗ ಕೋಲಾರದ ಬೆಳೆಗಾರನಿಗೆ ಒಮ್ಮೊಮ್ಮೆ ಕೊಯ್ಲಿನ ಕೂಲಿಯೂ ಹುಟ್ಟದು. ಇದಕ್ಕೆ ಪರಿಹಾರವೇನು?

ಮೊದಲು ವೆಚ್ಚವನ್ನು ತಗ್ಗಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಸಂಕರ ತಳಿಯು ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆದುಕೊಳ್ಳಬಲ್ಲುದು. ಆದುದರಿಂದ ಔಷಧ ಸಿಂಪಡಿಸುವ ಖರ್ಚು ಕಡಿಮೆಯಾಗುವುದು.

ಮಿಕ್ಕ ಹಣ್ಣನ್ನು ಪೇಸ್ಟ್ ಮಾಡಿ ಕಾಪಿಡಬಹುದು. ಆದರೆ ಹಣ್ಣಿನಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಘನಾಂಶ 5 ಪಾಲು ಮಾತ್ರ. ಶೇಕಡ 25 ಘನಾಂಶದ 1 ಕಿಲೋಗ್ರಾಂ ಪೇಸ್ಟಿಗೆ, ಸಿಪ್ಪೆ ಬೀಜಗಳ ನಷ್ಟವನ್ನು ಬಿಟ್ಟರೂ, 5 ಕಿಲೋಗ್ರಾಂ ಹಣ್ಣು ಬೇಕು. 4 ಕಿಲೋಗ್ರಾಂ ನೀರು ಆವಿಯಾಗಬೇಕು. ಘನಾಂಶವು 6 ಪಾಲಿರುವ ತಳಿಯಾದರೆ ಆ ನೀರು ಸುಮಾರು 3.2 ಕಿಲೋಗ್ರಾಂಗೆ ಇಳಿಯುವುದು. ಒಂದೇ ಪಾಲಿನಿಂದ ಉರುವಲಿನಲ್ಲಿ ಎಷ್ಟು ಉಳಿತಾಯ!

ಹೊಲದ ವೆಚ್ಚವನ್ನೂ ಒಲೆಯ ವೆಚ್ಚವನ್ನೂ ಬೀಜದಲ್ಲಿಯೇ ತಗ್ಗಿಸಬಹುದೆಂಬುದನ್ನು ಇದರಿಂದ ನಾವು ಅರಿಯುತ್ತೇವೆ.