ಸೀಟು, ಹಿನ್ನೆಲೆ, ನೌಕರಿ

ಕರ್ನಾಟಕದಲ್ಲಿ ಇಂಜಿನಿಯರಿಂಗ್ ರ‍್ಯಾಂಕು ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಅಂಕಗಳಿಂದ ನಿರ್ಣೀತವಾಗುವುದಾದರೂ, ಆ ಅಂಕಗಳಲ್ಲಿ ವಿದ್ಯಾರ್ಥಿಯ ಸ್ವಂತ ಪ್ರತಿಭೆಯ ಪಾಲೆಷ್ಟು, ತಂದೆ ಕಟ್ಟಿದ ಕೋಚಿಂಗ್ ಶುಲ್ಕದ ಪಾಲೆಷ್ಟು ಎಂಬುದನ್ನು ರ‍್ಯಾಂಕುಪಟ್ಟಿಯು ಹೇಳಲಾರದು. ಇದನ್ನರಿತೇ ಸರಕಾರವು, 1ರಿಂದ 10ನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳನ್ನು ಕಾದಿರಿಸಿದೆ. ಅದಕ್ಕೆ ಮುಖ್ಯೋಪಾಧ್ಯಾಯರು ಬರೆದು, ಬಿಇಓ ಮೇಲುರುಜು ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಆ ಮೊಹರಿನ ಬೆಲೆಯನ್ನು ಅದಕ್ಕಾಗಿ ಅಲೆದವರೇ ಬಲ್ಲರು! ಆದರೆ ನಾಲ್ಕು ವರ್ಷಗಳ ತರುವಾಯ ಕ್ಯಾಂಪಸ್ ಸಂದರ್ಶನದಲ್ಲಿ ಆ ಪತ್ರವನ್ನಾರೂ ಕೇಳರು. ಗುಂಪುಚರ್ಚೆಯಲ್ಲಿ ನಿರರ್ಗಳವಾಗಿ ಇಂಗ್ಲಿಷ್ ಮಾತಾಡಬಲ್ಲವನು ಮುಂದಣ ಸುತ್ತಿಗೆ ಸಾಗಿದರೆ, ಅವನಿಗಿಂತಲೂ ಚೆನ್ನಾಗಿ ಸರ್ಕ್ಯೂಟು ಬಿಡಿಸಬಲ್ಲ ಹಳ್ಳಿಯ ಹುಡುಗಿಯು ಮಾತು ತಡವರಿಸಿದ ಮಾತ್ರಕ್ಕೆ ಮೊದಲ ಸುತ್ತಿನಲ್ಲೇ ಹೊರಬೀಳುವುದುಂಟು.